ಯಲ್ಲಪ್ಪಜ್ಜ ಹಾಕಿದ ಕ್ಲಚ್ಚು

ನಾನು ಸಣ್ಣವಳಿದ್ದಾಗ ಖಾಸಬಾಗದಿಂದ ಖಾನಾಪುರಕ್ಕೆ ಮೋಟಾರಿನಲ್ಲಿ ಹೋಗುವುದೆಂದರೆ ಅರ್ಧ ದಾರಿ ಮೋಟಾರಿನ ಒಳಗೆ, ಇನ್ನರ್ಧ ದಾರಿ ಮೋಟಾರಿನ ಹಿಂದೆ. ಏರು ಬಂದರೆ ಗಂಡಸರು ಇಳಿದು ನೂಕಬೇಕು, ಹೆಂಗಸರು ಇಳಿದು ನಡೆಯಬೇಕು. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ರೊಟ್ಟಿ ಗಂಟಿನಲ್ಲಿ ಶೇಂಗಾ ಹಿಂಡಿ ಇರುತ್ತಿತ್ತು, ಮೋಟಾರು ನಿಂತಲ್ಲೇ ಊಟ. ನಿಮ್ಮಲ್ಲಿ ಹಳಬರು ಯಾರಾದರೂ ಇದ್ದರೆ ಪೆಟ್ರೋಲು, ಬಿಸಿ ಕಬ್ಬಿಣ, ಕೆಂಪು ಧೂಳು ಸೇರಿದ ಆ ವಾಸನೆ ಈಗಲೂ ಮೂಗಿಗೆ ಬಂದೀತು. ನನಗೆ ಇನ್ನೊಂದು ವಾಸನೆ ನೆನಪಿದೆ, ತೊಗಲು ಸುಟ್ಟದ್ದು. ಅದನ್ನೇ ಬರೆಯುತ್ತಿದ್ದೇನೆ. ನಾನು ಕಲಿತದ್ದು ಮೂರನೆಯ ಇಯತ್ತೆ. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಅಪ್ಪ ಮೊದಲು ಟಾಂಗಾ ಹೊಡೆಯುತ್ತಿದ್ದ. ಖಾಸಬಾಗದ ಸಾವಕಾರರೊಬ್ಬರು ಹಳೆಯ ಮೋಟಾರೊಂದನ್ನು ಕೊಂಡು ಖಾನಾಪುರಕ್ಕೆ ಸರ್ವಿಸ್ ಶುರು ಮಾಡಿದಾಗ ಅವನು ಕುದುರೆ ಮಾರಿ, ಮೋಟಾರು ಹೊಡೆಯುವುದನ್ನು ಕಲಿತು ಅವರಲ್ಲಿ ಸೇರಿದ. ಸಾವಕಾರರ ಓಣಿ ಇಕ್ಕಟ್ಟು, ಹಾಗಾಗಿ ಮೋಟಾರು ನಮ್ಮ ಅಂಗಳದಲ್ಲೇ ನಿಲ್ಲುತ್ತಿತ್ತು. ಆಯಿ, ಅಂದರೆ ಅಪ್ಪನ ತಾಯಿ, ಬರಿದಾದ ಕೊಟ್ಟಿಗೆಯನ್ನು ನೋಡಿ ದಿನಕ್ಕೊಮ್ಮೆ ಅನ್ನುತ್ತಿದ್ದಳು, "ಜೀವ ಇದ್ದದ್ದು ಮಾರಿ ಜೀವ ಇಲ್ಲದ್ದು ಕಟ್ಟಿದಿ, ಬಸಪ್ಪಾ." ಅಂದರೂ ದಸರೆಯಲ್ಲಿ ಆ ಮೋಟಾರಿಗೆ ವಿಭೂತಿ ಕುಂಕುಮ ಹಚ್ಚಿದವಳು ಅವಳೇ.

ಆ ವರ್ಷ ಥಂಡಿ ಬಿದ್ದ ಹೊತ್ತಿಗೆ ಮೋಟಾರಿಗೆ ರೋಗ ಬಂತು. ದೇಸೂರ ಏರಿನಲ್ಲಿ ಅಪ್ಪ ರೇಸ್ ಕೊಟ್ಟರೆ ಎಂಜಿನ್ನು ಹುಚ್ಚು ಹಿಡಿದಂತೆ ಕೂಗುತ್ತಿತ್ತು, ಗಾಲಿ ಮಾತ್ರ ಕದಲುತ್ತಿರಲಿಲ್ಲ. ಮೊದಲು ತುಂಬಿದ ಮೋಟಾರಿಗೆ ಹಾಗಾಗುತ್ತಿತ್ತು, ಆಮೇಲೆ ಖಾಲಿ ಮೋಟಾರಿಗೂ. ನಮ್ಮ ಓಣಿಯ ಹುಡುಗರು ಇದನ್ನೇ ಆಟ ಮಾಡಿಕೊಂಡರು. ಒಬ್ಬ ನಿಂತಲ್ಲೇ ನಿಂತು ಉಗುಳು ಹಾರಿಸುತ್ತ ಭರ್ರೋ ಎಂದು ಕೂಗುವುದು, ಉಳಿದವರು ಹಿಂದಿನಿಂದ ನೂಕುವುದು. "ಏನಾಟ್ರೋ ಇದು?" ಎಂದು ಯಾರಾದರೂ ಕೇಳಿದರೆ "ಗಂಗಿ ಅಪ್ಪನ ಮೋಟಾರು" ಅನ್ನುವುದು. ಗಂಗಿ ಅಂದರೆ ನಾನು. ಅವರಲ್ಲಿ ಒಬ್ಬನ ಕೈ ಕಚ್ಚಿದೆ. ಆಟ ನಿಲ್ಲಲಿಲ್ಲ.

ಅಪ್ಪ ಒಂದು ಬೆಳಿಗ್ಗೆ ಗಾಲಿಗಳ ಮುಂದೆ ಕಲ್ಲಿಟ್ಟು, ಬ್ರೇಕು ಎಳೆದು, ಗೇರು ಹಾಕಿ, ಎಂಜಿನ್ನು ನಡೆಯುತ್ತಿರುವಾಗಲೇ ಕ್ಲಚ್ಚಿನ ಮೇಲಿಂದ ಕಾಲು ತೆಗೆದ. ಹಾಗೆ ಮಾಡಿದರೆ ಎಂಜಿನ್ನು ಉಸಿರುಕಟ್ಟಿ ನಿಲ್ಲಬೇಕು. ಅದು ನಿಲ್ಲದೆ ಆರಾಮವಾಗಿ ಕೂಗುತ್ತಲೇ ಇತ್ತು.

"ಕ್ಲಚ್ಚು ಹಿಡೀವಲ್ದು," ಅಂದ ಅಪ್ಪ.

ಕಾಲಡಿಯ ಹಲಗೆ ಎತ್ತಿ ನನಗೂ ತೋರಿಸಿದ. ನಾನು ಕಂಡದ್ದನ್ನು ಹೇಳುತ್ತೇನೆ. ಎಂಜಿನ್ನಿನ ಬೆನ್ನಿಗೆ ಕಬ್ಬಿಣದ ಒಂದು ದೊಡ್ಡ ಬೋಗುಣಿ, ಅದರೊಳಗೆ ಕೂರುವ ಇನ್ನೊಂದು ಬೋಗುಣಿ. ಒಳಗಿನದರ ಸುತ್ತ ತೊಗಲು. ಕಾಲು ಒತ್ತಿದರೆ ಎರಡೂ ಬೇರೆ, ಬಿಟ್ಟರೆ ಸ್ಪ್ರಿಂಗು ನೂಕಿ ತೊಗಲು ಗಪ್ಪನೆ ಕಚ್ಚಿಕೊಳ್ಳುತ್ತದೆ. ಆಗ ಎಂಜಿನ್ನಿನ ಜೋರು ಗಾಲಿಗೆ ಮುಟ್ಟುತ್ತದೆ. ಅಷ್ಟೆ.

ತೊಗಲಿಗೆ ಜಿಡ್ಡು ಹತ್ತಿರಬೇಕೆಂದು ಅಪ್ಪ ಗೋಡೆಗೆ ಬಳಿಯುವ ಬಿಳಿ ಮಣ್ಣಿನ ಪುಡಿ ಎರಚಿದ. ಒಂದು ಸರ್ತಿ ಖಾನಾಪುರಕ್ಕೆ ಹೋಗಿ ಬಂತು, ಮರುದಿನ ಮತ್ತೆ ಅದೇ ಕೂಗು. ಆಗ ಇಡೀ ದಿನ ಮೋಟಾರಿನ ಕೆಳಗೆ ಮಲಗಿ ಒಳಬೋಗುಣಿಯನ್ನು ಬಿಚ್ಚಿ ಅಂಗಳಕ್ಕೆ ತಂದಿಟ್ಟ. ತೊಗಲು ಹಪ್ಪಳದಂತೆ ಸವೆದು, ಅದನ್ನು ಹಿಡಿದಿದ್ದ ತಾಮ್ರದ ಮೊಳೆಗಳ ತಲೆಗಳು ಮೇಲೆ ಬಂದಿದ್ದವು. ಕಬ್ಬಿಣಕ್ಕೆ ತಾಮ್ರ ಉಜ್ಜಿದರೆ ಹಿಡಿಯುವುದೆಲ್ಲಿ?

ಸಂಜೆ ಸಾವಕಾರರು ಬಂದರು. ಒಳ್ಳೆಯ ಮನುಷ್ಯ, ದನಿ ಏರಿಸುತ್ತಿರಲಿಲ್ಲ. ಅದಕ್ಕೇ ಹೆದರಿಕೆ.

"ಬಸಪ್ಪಾ, ಹೊಸಾ ತೊಗಲು ಮುಂಬೈಯಿಂದ ಬರಾಕ ಹದಿನೈದ ದಿನ ಬೇಕು. ರವಿವಾರ ಖಾನಾಪುರ ಸಂತಿ. ಹುಬ್ಬಳ್ಳಿ ಕಡಿ ಒಬ್ಬ ಡ್ರೈವರ ಬಂದಾನ, ಇಂಥಾದ್ದೆಲ್ಲಾ ತಾನ ರಿಪೇರಿ ಮಾಡ್ತೇನಂತಾನ."

"ರವಿವಾರ ಗಾಡಿ ಹೊಂಟಿರ್ತೈತ್ರಿ," ಅಂದ ಅಪ್ಪ.

"ಹೊಂಟ್ರ ಛಲೋನ ಆತು. ಹೊರಡಲಿಲ್ಲಂದ್ರ ಹ್ಯಾಂಡಲ್ ತಂದು ನಮ್ಮನಿಗಿ ಇಟ್ಟುಬಿಡು."

ಹ್ಯಾಂಡಲ್ ಅಂದರೆ ಮೋಟಾರಿನ ಮೂತಿಗೆ ಸಿಕ್ಕಿಸಿ ತಿರುಗಿಸಿ ಎಂಜಿನ್ನು ಶುರು ಮಾಡುವ ಕಬ್ಬಿಣ. ಅದನ್ನು ಒಪ್ಪಿಸಿದರೆ ಕೆಲಸ ಒಪ್ಪಿಸಿದಂತೆ. ಮರಳಿ ಟಾಂಗಾ ಹೊಡೆಯಲು ಕುದುರೆ ಇರಲಿಲ್ಲ. ಅವ್ವ ಅಂದು ರೊಟ್ಟಿ ಬಡಿದ ಸದ್ದು ಓಣಿಯ ಕೊನೆಗೆ ಕೇಳಿಸಿರಬೇಕು.

ತೊಗಲೆಂದರೆ ಯಲ್ಲಪ್ಪಜ್ಜ. ಊರ ಅಂಚಿನ ಸಮಗಾರ ಓಣಿಯವನು. ಎತ್ತು ಕಟ್ಟಿ ಬಾವಿಯ ನೀರೆಳೆಯುವ ದೊಡ್ಡ ತೊಗಲಿನ ಚೀಲಗಳನ್ನು ಹೊಲಿಯುತ್ತಿದ್ದ. ನಮ್ಮ ಕುದುರೆಯ ಸಾಮಾನನ್ನೂ ಅವನೇ ಹೊಲಿದದ್ದು. ಅಪ್ಪನಿಗಿಂತ ಇಪ್ಪತ್ತು ವರ್ಷ ದೊಡ್ಡವನು. ಅಪ್ಪ ಅವನಿಗೆ 'ನೀ' ಅನ್ನುತ್ತಿದ್ದ, ಅವನು ನನಗೂ 'ರೀ' ಅನ್ನುತ್ತಿದ್ದ. ಆಗ ನನಗೆ ಅದು ಸರಿಯಾಗಿಯೇ ಕಂಡಿತ್ತು.

ಬೋಗುಣಿಯನ್ನು ಅವನಿಗೆ ಒಯ್ದು ತೋರಿಸುವುದೇ ಬುದ್ಧಿವಂತಿಕೆ. ಅಪ್ಪ ಎತ್ತಿಕೊಂಡಿದ್ದ ಕೂಡ. ಆಯಿ ಬಾಗಿಲಿಗೆ ಅಡ್ಡ ನಿಂತಳು.

"ಕುಂಕುಮ ಹಚ್ಚಿದ ಕಬ್ಬಿಣ ಅದು. ಅವನ ಕೈಯಾಗ ಕೊಟ್ಟು ಮತ್ತ ನನ್ನ ಅಂಗಳಕ್ಕ ತರ್ತಿಯೇನು?"

"ಹಂಗಾದ್ರ ಅವನ್ನ ಇಲ್ಲಿಗೆ ಕರೀಲೇನು?"

"ಕರಿ. ನಾ ಬಾವಿಗೆ ಬೀಳ್ತೇನಿ."

ಅಪ್ಪ ದಾರದಿಂದ ಬೋಗುಣಿಯ ಸುತ್ತಳತೆ ತೆಗೆದ, ಕಡ್ಡಿ ಮುರಿದು ಅಗಲ ತೆಗೆದ. ನಾನು ಬೆನ್ನು ಹತ್ತಿದೆ. ಮನೆಯಲ್ಲಿ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಸಮಗಾರ ಓಣಿಯ ಹೊರಗೆ ರಸ್ತೆಯಲ್ಲೇ ನಿಂತು ಅಪ್ಪ ದಾರ, ಕಡ್ಡಿ ಎರಡನ್ನೂ ನೆಲಕ್ಕಿಟ್ಟ. ಯಲ್ಲಪ್ಪಜ್ಜ ಬಂದು ಎತ್ತಿಕೊಂಡು ತಿರುಗಿಸಿ ನೋಡಿದ.

"ಇದನ್ನ ಎದಕ್ಕ ಹಾಕ್ತೀರಿ?"

"ಮೋಟಾರಿಗೆ."

"ಆ ಜಾಗಾ ಒಮ್ಮಿ ನೋಡಬೇಕಿತ್ತ್ರಿ. ಕುದುರಿ ನೋಡದ ಜೀನ ಹೊಲ್ಯಾಕ ಬರ್ತೈತೇನ್ರಿ?"

"ಅಳತಿ ಐತಲ್ಲ. ಅಷ್ಟ ಕೊಡು."

ಮುದುಕ ಅಳತೆಗೆ ಸರಿಯಾಗಿ ಉದ್ದ ಪಟ್ಟಿ ಕೊಯ್ದು, ಮೊಳೆಗಳ ಜೊತೆ ನೆಲದ ಮೇಲಿಟ್ಟು ಹಿಂದೆ ಸರಿದ. ನಾವು ಎತ್ತಿಕೊಂಡೆವು.

ಪಟ್ಟಿ ನೆಟ್ಟಗಿತ್ತು, ಬೋಗುಣಿ ನೆಟ್ಟಗಿರಲಿಲ್ಲ. ಬಾಯಿ ಅಗಲ, ತಳ ಸಣ್ಣ. ಅಗಲದ ಕಡೆ ಬಿಗಿದರೆ ಸಣ್ಣ ಕಡೆ ನೆರಿಗೆ ಬೀಳುತ್ತಿತ್ತು. ಅಪ್ಪ ಎಳೆದ, ಬಡಿದ, ಬೈದ, ಹೇಗೋ ಮೊಳೆ ಹೊಡೆದು ಮೋಟಾರಿಗೆ ಏರಿಸಿದ. ಶುಕ್ರವಾರ ಖಾಲಿ ಮೋಟಾರು ಹೊರಟಿತು, ಒಳಗೆ ಅಪ್ಪ ಮತ್ತು ನಾನು ಇಬ್ಬರೇ. ದೇಸೂರ ಏರಿನ ಅರ್ಧಕ್ಕೆ ನೆರಿಗೆಗಳು ಉಜ್ಜಿ ಕಾದು ಹಲಗೆಯ ಸಂದಿಯಿಂದ ಹೊಗೆ ಎದ್ದಿತು. ಸತ್ತ ದನ ಸುಟ್ಟಂಥ ವಾಸನೆ. ನಾನು ಕೆಳಗೆ ಹಾರಿದೆ.

ದೇಸೂರಿನ ರೈತನೊಬ್ಬ ಎತ್ತು ಕಟ್ಟಿ ಮೋಟಾರನ್ನು ಖಾಸಬಾಗದ ತನಕ ಎಳೆಸಿಕೊಟ್ಟ. ದಾರಿಯುದ್ದಕ್ಕೂ ಬಾಯಿಗೆ ಬಿಡುವು ಕೊಡಲಿಲ್ಲ.

"ಬಸಪ್ಪಣ್ಣಾ, ಕುದುರಿ ಮಾರಿ ಎತ್ತಿಗಿ ಬಂದಿ. ಇನ್ನ ಮುಂದ ಕತ್ತೆ ಏನು?"

ಅಪ್ಪ ಸ್ಟೇರಿಂಗು ಹಿಡಿದು ಮುಂದೆ ನೋಡುತ್ತ ಕುಳಿತಿದ್ದ. ಎತ್ತು ಎಳೆಯುವ ಗಾಡಿಗೂ ಸ್ಟೇರಿಂಗು ತಿರುಗಿಸಬೇಕಲ್ಲ.

ಶನಿವಾರ ಹೊತ್ತು ಮೂಡುವಷ್ಟರಲ್ಲಿ ಬೋಗುಣಿ ಮತ್ತೆ ಹೊರಗೆ ಬಂದಿತ್ತು. ಅಪ್ಪ ತಲೆಗೆ ಸಿಂಬಿ ಇಟ್ಟುಕೊಂಡು ಅದನ್ನು ಹೊತ್ತ. ಆಯಿ ಅಡ್ಡ ನಿಂತಳು. ಅಪ್ಪ ಬದಿಯಿಂದ ದಾಟಿ ಹೋದ. ಬಜಾರದ ನಡುವೆ, ಎಲ್ಲರ ಎದುರು, ಮಸಿ ಸುರಿಯುವ ಕಬ್ಬಿಣ ಹೊತ್ತು ನಡೆದ. ಈ ಸರ್ತಿ ರಸ್ತೆಯಲ್ಲಿ ನಿಲ್ಲಲಿಲ್ಲ. ಯಲ್ಲಪ್ಪಜ್ಜನ ಬಾಗಿಲಿಗೇ ಹೋಗಿ ಇಳಿಸಿದ.

ಯಲ್ಲಪ್ಪಜ್ಜ ಬೋಗುಣಿಗೆ ಕೈಯಾಡಿಸಿದ, ಸುಟ್ಟ ಪಟ್ಟಿ ನೋಡಿದ. "ಮೊನ್ನೀದು ಹೊಟ್ಟಿ ಕಡೀ ತೊಗಲ್ರಿ, ಜಗ್ಗತೈತಿ. ಕಾದು ಬಿಸಿ ಆಗ್ತೈತಿ ಅಂತ ಯಾರೂ ಹೇಳಲಿಲ್ಲ ನನಗ. ಇದಕ್ಕ ಬೆನ್ನಿನ ತೊಗಲು ಬೇಕು."

ಹಳೆಯ ಧೋತರದ ತುಂಡನ್ನು ನೀರಿನಲ್ಲಿ ಅದ್ದಿ ಬೋಗುಣಿಗೆ ಸುತ್ತಿ, ಅಂಚಿನುದ್ದಕ್ಕೂ ಮಸಿಬೆರಳು ಎಳೆದು, ಬಿಚ್ಚಿ ನೆಲಕ್ಕೆ ಹಾಸಿದ. ಗುರುತು ಕುಡುಗೋಲಿನಂತೆ ಬಾಗಿತ್ತು.

"ಸೊಟ್ಟ ಐತೆಲ್ಲೊ," ಅಂದ ಅಪ್ಪ.

"ಸೊಟ್ಟ ನಿಮ್ಮ ಬೋಗುಣಿ ಐತ್ರಿ. ಅರಿವಿ ಏನ ಮಾಡೀತು?"

ಅಪ್ಪ ನಕ್ಕ. ಆ ವಾರದಲ್ಲಿ ಮೊದಲ ಸಲ.

ಬಾವಿಯ ಚೀಲಕ್ಕೆಂದು ಔಡಲೆಣ್ಣೆಯಲ್ಲಿ ನೆನೆಹಾಕಿದ್ದ ದಪ್ಪ ತೊಗಲನ್ನೇ ತೆಗೆದು, ಆ ಬಾಗಿದ ಗುರುತಿನ ಮೇಲೆ ಕೊಯ್ದ. ಔಡಲೆಣ್ಣೆ ಹೀರಿದ ತೊಗಲು ಮೆತ್ತಗಿರುತ್ತದೆ, ಎಂಜಿನ್ನಿನ ಜಿಡ್ಡು ಹತ್ತಿದಂತೆ ಜಾರುವುದಿಲ್ಲ. ಸುತ್ತಿದರೆ ಒಂದೂ ನೆರಿಗೆ ಬೀಳಲಿಲ್ಲ. ಮೊಳೆಯ ತಲೆ ತೊಗಲಿಗಿಂತ ಒಳಗೆ ಮುಳುಗಬೇಕೆಂದು ಒಂದೊಂದು ತೂತಿಗೂ ಗುಳಿ ತೋಡಿದ. ಮೊಳೆ ಬಡಿಯುವ ಕೆಲಸ ಒಬ್ಬರದಲ್ಲ. ಒಳಗಿನಿಂದ ಒಬ್ಬ ಕಬ್ಬಿಣ ಒತ್ತಿ ಹಿಡಿಯಬೇಕು, ಹೊರಗಿನಿಂದ ಇನ್ನೊಬ್ಬ ಬಡಿಯಬೇಕು. ಅಪ್ಪ ನೆಲಕ್ಕೆ ಕುಳಿತು ಬೋಗುಣಿಯೊಳಗೆ ಕೈ ತೂರಿಸಿದ. ಇಬ್ಬರ ಮೊಣಕಾಲು ತಾಗಿತ್ತು. ಮಧ್ಯಾಹ್ನ ದಾಟುವ ತನಕ ಬಡಿದರು. ನಾನು ಆ ಓಣಿಯ ಹುಡುಗಿಯರ ಜೊತೆ ಗಜ್ಜುಗ ಆಡುತ್ತಿದ್ದೆ, ನಾಲ್ಕು ಸಲ ಎದ್ದು ಬಂದು ಎಷ್ಟು ಮೊಳೆ ಉಳಿದವು ಎಂದು ಕೇಳಿದೆ. ಮನೆಗೆ ಬಂದಾಗ ಆಯಿ ಮೂರು ಕೊಡ ತಣ್ಣೀರು ಅಪ್ಪನ ತಲೆಗೆ, ಎರಡು ನನ್ನ ತಲೆಗೆ, ಒಂದು ಬೋಗುಣಿಗೆ ಸುರಿದಳು. ಎಣ್ಣೆ ಕುಡಿದ ತೊಗಲು, ನೀರು ಜಾರಿ ಹೋಯಿತು. ರಾತ್ರಿಯೇ ಅಪ್ಪ ಅದನ್ನು ಮೋಟಾರಿಗೆ ಏರಿಸಿದ.

"ಹೊಸಾ ತೊಗಲು ಮೊದಲನೇ ಏರಿಗೆ ಹೆಂಗ ಕುಂದರತೈತಿ, ನಾ ಬಂದ ನೋಡಬೇಕ್ರಿ," ಅಂದಿದ್ದ ಯಲ್ಲಪ್ಪಜ್ಜ. ಹಾಗಾಗಿ ರವಿವಾರ ಬೆಳಿಗ್ಗೆ ಬಂದು ಮೋಟಾರಿನಿಂದ ದೂರ ನಿಂತ. ಸಂತೆಯ ಮಂದಿ ಹತ್ತಿ ಕುಳಿತಾಗಿತ್ತು. ನಾನು ಎಲ್ಲರಿಗಿಂತ ಮೊದಲೇ ಹತ್ತಿದ್ದೆ, ನನ್ನನ್ನು ಇಳಿಸಲು ಅಪ್ಪನಿಗೆ ಪುರುಸೊತ್ತಿರಲಿಲ್ಲ. ನನ್ನ ಪಕ್ಕದ ಸೀಟು ಖಾಲಿ. ಅಪ್ಪ ಅದನ್ನು ನೋಡಿದ, ಯಲ್ಲಪ್ಪಜ್ಜನನ್ನು ನೋಡಿದ.

ಕಾಳಿನ ವ್ಯಾಪಾರಿಯೊಬ್ಬ ಚೀಲ ಎತ್ತಿಕೊಂಡ. "ಬಸಪ್ಪಾ, ಅಂವಾ ಹತ್ತೋದಾದ್ರ ನಾವ ಇಳೀತೀವಿ."

ಇನ್ನಿಬ್ಬರು ಹೌದೆಂದರು. ಸಾವಕಾರರು ರಸ್ತೆಯ ಆ ಬದಿ ನಿಂತಿದ್ದರು.

"ನಾ ಹೊರಗ ನಿಂದರತೇನ್ರಿ," ಅಂದ ಯಲ್ಲಪ್ಪಜ್ಜ. "ಕಿವಿಗಿ ಇಲ್ಲೇ ಛಲೋ ಕೇಳಸ್ತೈತಿ."

ಹೊರಗಿನ ಮೆಟ್ಟಿಲ ಹಲಗೆಯ ಮೇಲೆ ನಿಂತು, ಹುಡ್ಡಿನ, ಅಂದರೆ ಮೇಲ್ಹೊದಿಕೆಯ, ಕಬ್ಬಿಣ ಹಿಡಿದುಕೊಂಡ. ಅರವತ್ತು ದಾಟಿದ ಮನುಷ್ಯ. ದೇಸೂರ ಏರು ಬಂತು. ಇಳಿಯಬೇಕೇನೋ ಎಂದು ಮಂದಿ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದರು. ಅಪ್ಪ ರೇಸ್ ಕೊಟ್ಟ. ಎಂಜಿನ್ನು ಕೂಗಲಿಲ್ಲ, ದಪ್ಪ ದನಿಯಲ್ಲಿ ಗುರುಗುಟ್ಟಿತು. ಗಿಡಗಳು ಹಿಂದೆ ಸರಿದವು. ಯಲ್ಲಪ್ಪಜ್ಜ ಬಗ್ಗಿ ಕಿವಿಗೊಟ್ಟು ಕೇಳಿದ, ಆಮೇಲೆ ಅಂಗೈಯಿಂದ ಮೋಟಾರಿನ ಮೈ ತಟ್ಟಿದ.

"ಹಿಡೀತ್ರಿ."

ಖಾನಾಪುರದ ತನಕ ಅವನು ನಿಂತೇ ಬಂದ. ಹ್ಯಾಂಡಲ್ ನಮ್ಮ ಮನೆಯಲ್ಲೇ ಉಳಿಯಿತು.

ನಾನು ಲಗ್ನವಾಗಿ, ಎರಡು ಮಕ್ಕಳ ತಾಯಿಯಾದ ಮೇಲೆ ಒಮ್ಮೆ ಅಪ್ಪನನ್ನು ಕೇಳಿದೆ, "ಅವತ್ತ ಯಲ್ಲಪ್ಪಜ್ಜನ್ನ ಯಾಕ ಒಳಗ ಕುಂದರಿಸಲಿಲ್ಲ?"

"ಬಾಯಿ ತನಕ ಬಂದಿತ್ತವ್ವಾ," ಅಂದ. "ಮಂದಿ ಇಳದಿದ್ರ ನನ್ನ ಕೆಲಸ ಹೋಗತಿತ್ತು."

ಆ ಕೆಲಸ ಮೂರು ವರ್ಷ ನಡೆಯಿತು. ಸಾವಕಾರರು ಬೇರೆ ಮೋಟಾರು ತಂದರು. ಅದರ ಕ್ಲಚ್ಚಿನಲ್ಲಿ ತೊಗಲಿರಲಿಲ್ಲ, ಅದನ್ನು ಹೊಡೆಯಲು ಬೇರೆಯವನೇ ಬಂದ. ಯಲ್ಲಪ್ಪಜ್ಜ ಅಷ್ಟರಲ್ಲಿ ತೀರಿಕೊಂಡಿದ್ದ. ಈಗ ನನ್ನ ಮೊಮ್ಮಗನ ಕಾರಿನ ಕ್ಲಚ್ಚು ಡಬ್ಬಿಯಲ್ಲಿ ಬರುತ್ತದೆ, ಗ್ಯಾರೇಜಿನವರು ಅರ್ಧ ದಿನದಲ್ಲಿ ಹಾಕಿ ಕೊಡುತ್ತಾರೆ, ಮಾಡಿದವನು ಯಾರೆಂದು ಅವರಿಗೂ ಗೊತ್ತಿಲ್ಲ. ಬೆನ್ನಿನ ತೊಗಲು ಯಾವುದು, ಹೊಟ್ಟೆಯದು ಯಾವುದು ಎಂದು ಬೆರಳಿನಿಂದ ಹೇಳುವ ಕೈ ಹೋಯಿತು. ಆ ಕಾಲ ಒಳ್ಳೆಯದಿತ್ತು ಎಂದು ನನ್ನ ವಯಸ್ಸಿನವರು ಅಂದರೆ ನಾನು ತಲೆಯಾಡಿಸುವುದಿಲ್ಲ. ಅಪ್ಪನಿಗೆ ಕೆಲಸದ ಹೆದರಿಕೆ ಇತ್ತು. ನನಗೇನಿತ್ತು? ಒಂಬತ್ತು ವರ್ಷದವಳು "ಬಾ ಅಜ್ಜಾ, ಇಲ್ಲಿ ಕುಂದ್ರು" ಅಂದಿದ್ದರೆ ನನ್ನ ಕಿವಿ ಹಿಂಡುತ್ತಿದ್ದರು, ಅಷ್ಟೆ. ನಾನು ಅನ್ನಲಿಲ್ಲ. ಖಾನಾಪುರದ ತನಕ ಆ ಖಾಲಿ ಸೀಟಿನ ಮೇಲೆ ಕಾಲು ಚಾಚಿ ಕುಳಿತಿದ್ದೆ.