ಲೆಕ್ಕದ ಮಾಮನ ಲೆಕ್ಕ ತಪ್ಪಿದ್ದು

ಸ್ಕೂಲ್ ವ್ಯಾನ್ ಓಡಿಸುವ ಅವನನ್ನು ಮಕ್ಕಳೆಲ್ಲ ಕರೆಯುವುದು ಲೆಕ್ಕದ ಮಾಮ ಎಂದು. ಸೀಟಿನಲ್ಲಿ ಅರ್ಧ ತಿರುಗಿ, ತೋರುಬೆರಳು ಆಡಿಸುತ್ತ ತಲೆ ಎಣಿಸದೆ ಅವನು ಯಾವತ್ತೂ ಕೀಲಿ ತಿರುಗಿಸಿದವನಲ್ಲ. ಶಾಲೆಯ ಗೇಟಿನಲ್ಲಿ ಇಳಿಸುವಾಗ ಒಮ್ಮೆ, ಸಂಜೆ ಹತ್ತಿಸಿಕೊಳ್ಳುವಾಗ ಒಮ್ಮೆ, ನಡುವೆ ಸಿಗ್ನಲ್ ಬಿದ್ದರೆ ಸುಮ್ಮನೆ ಚಪಲಕ್ಕೆ ಇನ್ನೊಮ್ಮೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಮಗುವನ್ನೂ ಬಿಟ್ಟು ಬಂದಿಲ್ಲ. ಬಿಟ್ಟು ಬಂದಿಲ್ಲ, ಸರಿ. ಅದನ್ನು ಹೇಳದೆ ಬಿಟ್ಟ ದಿನವೂ ಇಲ್ಲ. ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡೂ ಅದೇ ಮಾತು: "ಕುರಿ ಕಾಯೋನು ಕುರಿ ಬಿಟ್ಟು ಬಂದಾನು, ನಾನು ಮಗೂನ ಬಿಡ್ತೀನಾ?" ಕೊಚ್ಚಿಕೊಂಡವನು ಎಂದಾದರೊಂದು ದಿನ ಕೊಚ್ಚೆಗೆ ಬೀಳಲೇಬೇಕಲ್ಲ! ಅದಕ್ಕೆ ಮುಹೂರ್ತ ಕೂಡಿಬಂದದ್ದು ಬೇಸಿಗೆ ರಜೆಯ ಕಟ್ಟಕಡೆಯ ಭಾನುವಾರ.

ರಜೆ ಮುಗಿಯುತ್ತ ಬಂದ ಮನೆ ಹೇಗಿರುತ್ತದೆ ಎಂದು ಮಕ್ಕಳಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾದಿನಿ ತನ್ನ ಎರಡು ಮಕ್ಕಳನ್ನು ಕಟ್ಟಿಕೊಂಡು ಅಕ್ಕನ ಮನೆಗೆ ಬಂದಿದ್ದಳು. ಹಾಲ್ ತುಂಬ ಹೊಸ ಪುಸ್ತಕ, ಬೈಂಡ್ ಹಾಕುವ ಕಾಗದ, ಬೆರಳಿಗೆಲ್ಲ ಅಂಟಿದ ಗೋಂದು. ಹೋದ ವರ್ಷದ ಶೂ ಅವನ ಮಗಳು ಪುಟ್ಟಿಯ ಕಾಲಿಗೆ ಹಿಡಿಯುತ್ತಿರಲಿಲ್ಲ, ರಜೆಯಲ್ಲಿ ಬರೆಯಬೇಕಿದ್ದ ಕಾಪಿ ಪುಸ್ತಕ ಅರ್ಧಕ್ಕರ್ಧ ಖಾಲಿ. ಈ ಗಲಾಟೆಯ ನಡುವೆ ಕೆಲಸವಿಲ್ಲದ ವ್ಯಾನ್ ಡ್ರೈವರು ಮನೆಯಲ್ಲಿ ಸ್ಟೆಪ್ನಿ ಟೈರು ಇದ್ದ ಹಾಗೆ. ಇರಬೇಕು ನಿಜ, ಆದರೆ ಹೋಗಿಬರುವವರ ಕಾಲಿಗೆಲ್ಲ ತೊಡರುತ್ತದೆ.

ಮಗಳಿಗೆ ಅವನು ರಜೆಯ ಮೊದಲ ದಿನವೇ ಈಜುಕೊಳಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದ. ಆಮೇಲೆ ನಾಳೆ ನಾಡಿದ್ದು ಎಂದು ತಳ್ಳುತ್ತ ತಳ್ಳುತ್ತ ಬೇಸಿಗೆಯನ್ನೇ ಕಳೆದುಬಿಟ್ಟಿದ್ದ. ಆವತ್ತು ಬೆಳಗ್ಗೆ ಅವಳು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಬಂದು ಅವನ ಕುರ್ಚಿಯ ಮುಂದೆ ನಿಂತಳು. ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಜಂಬ ಕೊಚ್ಚುವುದು ಅವನ ಹಳೆಯ ಚಾಳಿ.

"ಪುಟ್ಟಿ ಒಬ್ಬಳನ್ನೇ ಯಾಕೆ? ಎಲ್ಲರನ್ನೂ ಕರ್ಕೊಂಡು ಹೋಗ್ತೀನಿ. ಅಕ್ಕಪಕ್ಕದ ಮಕ್ಕಳೂ ಬರಲಿ," ಎಂದ.

"ಒಬ್ರೇ? ನಾನೋ ತಂಗಿನೋ ಜೊತೆಗೆ ಬರ್ತೀವಿ ಇರಿ," ಎಂದಳು ಹೆಂಡತಿ.

"ನೀವು ಆರಾಮಾಗಿ ಪುಸ್ತಕಕ್ಕೆ ಬೈಂಡ್ ಹಾಕ್ಕೊಂಡಿರಿ. ನಾನು ಇಡೀ ಶಾಲೇನೇ ಹೊರೋನು. ಎಲ್ಲ ಸೇರಿ ಏಳು ಮಕ್ಕಳು ನನಗ್ಯಾವ ಲೆಕ್ಕ?"

ಈಜುಕೊಳದಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಔಷಧಿ ಬೆರೆಸಿದ ನೀರಿಗೆ ಕಣ್ಣು ಕೆಂಪಾಗಿ, ಬೆರಳ ತುದಿ ಸುಕ್ಕಾಗುವವರೆಗೂ ಮಕ್ಕಳು ಮುಳುಗಿ ಎದ್ದರು. ಹೊರಡುವಾಗ ನಾದಿನಿಯ ಚಿಕ್ಕ ಮಗ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ರಾಗ ತೆಗೆದ. "ದೊಡ್ಡಪ್ಪಾ, ಇನ್ನೊಂದು ಚಪ್ಪಲಿ ಇಲ್ಲ!"

"ಪುಟ್ಟಿ, ನೀನು ಜಾಣೆ. ಬಟ್ಟೆ ಬದಲಾಯಿಸೋ ಕೋಣೆ ಹತ್ರ ಓಡಿಹೋಗಿ ನೋಡ್ಕೊಂಡು ಬಾ," ಎಂದು ಅವನೇ ಮಗಳನ್ನು ಕಳಿಸಿದ. ಅವಳು ಅತ್ತ ಹೋದಳೋ ಇಲ್ಲವೋ, ಇತ್ತ ಅವನು ಕೊಡವಿದ ಟವೆಲ್ಲಿನ ಸುರುಳಿಯಿಂದ ಚಪ್ಪಲಿ ಟಪ್ಪನೆ ಬಿತ್ತು. ಅಳುತ್ತಿದ್ದವನು ನಕ್ಕ, ಉಳಿದವರು ಹೋ ಎಂದು ಕೂಗಿದರು. ಆ ಸಂಭ್ರಮದಲ್ಲಿ ಮಕ್ಕಳನ್ನು ಹತ್ತಿಸಿ, ತಾನೂ ಹತ್ತಿ, ಸೀಟಿನಲ್ಲಿ ಅರ್ಧ ತಿರುಗಿ ಬೆರಳು ಆಡಿಸಿದ. ಟವೆಲ್ ಹೊದ್ದ ಒದ್ದೆ ತಲೆಗಳು ಏಳಕ್ಕೆ ಏಳು. ಸರಿಯಾಗಿದೆ! ಕೀಲಿ ತಿರುಗಿಸಿದ. ದಾರಿಯುದ್ದಕ್ಕೂ, ಮಕ್ಕಳನ್ನು ಎಣಿಸುವುದೂ ಒಂದು ವಿದ್ಯೆ, ಅದು ಎಲ್ಲರಿಗೂ ಒಲಿಯುವುದಿಲ್ಲ ಎಂದು ಆ ಮಕ್ಕಳಿಗೇ ಉಪದೇಶ ಮಾಡಿದ.

ಮನೆ ಮುಂದೆ ಒಬ್ಬೊಬ್ಬರಾಗಿ ಇಳಿದರು. ಕೊನೆಗೆ ಇಳಿದದ್ದು ತಲೆ ತುಂಬ ಟವೆಲ್ ಸುತ್ತಿಕೊಂಡು, ಅವನದೇ ಪೊಟ್ಟಣದ ಬಿಸ್ಕತ್ತು ತಿನ್ನುತ್ತಿದ್ದ ಒಂದು ಗುಂಡು ಗುಂಡು ಹುಡುಗಿ.

"ಇದ್ಯಾರ್ರೀ?" ಎಂದಳು ಹೆಂಡತಿ.

"ಪಕ್ಕದ ಮನೆಯವರದ್ದಲ್ವಾ?"

"ನಮ್ದಲ್ಲಪ್ಪ," ಎಂದು ಪಕ್ಕದ ಮನೆಯಾಕೆ ಕಾಂಪೌಂಡಿನಿಂದಲೇ ಕೈ ಆಡಿಸಿದಳು.

ಹುಡುಗಿ ಬಿಸ್ಕತ್ತು ನುಂಗಿ ತಾನೇ ವಿವರಣೆ ಕೊಟ್ಟಳು. "ಎಲ್ರೂ ಹತ್ತಿದ್ರು, ನಾನೂ ಹತ್ತಿದೆ. ಜಾಗ ಇತ್ತು."

"ಹಂಗಾದ್ರೆ ಪುಟ್ಟಿ ಎಲ್ಲಿ?" ಹೆಂಡತಿಯ ದನಿ ಏರಿತು. "ಊರವರ ಮಕ್ಕಳನ್ನೆಲ್ಲ ಎಣಿಸಿ ಎಣಿಸಿ ಹೆತ್ತ ಮಗಳ ಮುಖಾನೇ ಮರೆತ್ರಾ? ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದೋರನ್ನ ಕೇಳಿದೀನಿ. ಕೂಸನ್ನ ಬಿಟ್ಟು ಬಂದು ಲೆಕ್ಕ ಸರಿಯಾಗಿದೆ ಅನ್ನೋರನ್ನ ಇವತ್ತೇ ನೋಡಿದ್ದು!"

ಅವಳ ಮಾತು ಮುಗಿಯುವಷ್ಟರಲ್ಲಿ ಅವನು ಬಿಸ್ಕತ್ತಿನ ಹುಡುಗಿಯನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ವ್ಯಾನ್ ತಿರುಗಿಸಿದ್ದ. ಹೋಗುವಾಗ ಅರ್ಧ ಗಂಟೆಯೂ ಹಿಡಿಯದ ದಾರಿ ಈಗ ಮುಗಿಯಲೊಲ್ಲದು. ಕಣ್ಣ ಮುಂದೆ ಬರಿಯ ನೀರು. ಆಳದ ಕಡೆ ಇಳಿದಿದ್ದರೆ? ಅಳುತ್ತ ರಸ್ತೆಗೆ ಬಂದಿದ್ದರೆ? ಯಾರೋ ಕೈ ಹಿಡಿದು ಕರೆದುಕೊಂಡು ಹೋಗಿದ್ದರೆ? ಲೆಕ್ಕದ ಮಾಮನಂತೆ, ಲೆಕ್ಕದ ಮಾಮ! ಸಿಗ್ನಲ್ಲಿನಲ್ಲಿ ತನ್ನ ತಲೆಗೆ ತಾನೇ ಎರಡು ಮೊಟಕಿಕೊಂಡ. ಪಕ್ಕದಲ್ಲಿದ್ದ ಹುಡುಗಿ ಇದೇನೋ ಆಟವೆಂದುಕೊಂಡು ತಾನೂ ಮೊಟಕಿಕೊಂಡಳು.

ಈಜುಕೊಳದ ಗೇಟಿನ ಮುಂದೆ ಒಬ್ಬ ಅಜ್ಜಿ ಎದೆ ಎದೆ ಬಡಿದುಕೊಂಡು ಅಳುತ್ತಿದ್ದಳು. ಅವಳ ಕೈ ಹಿಡಿದುಕೊಂಡು ಪಕ್ಕದಲ್ಲಿ ನಿಂತವಳು ಪುಟ್ಟಿ. ಅವಳ ಕಣ್ಣೂ ಊದಿತ್ತು. ಮಗಳನ್ನು ಕಂಡದ್ದೇ ಅವನು ಬಿಸ್ಕತ್ತಿನ ಹುಡುಗಿಯನ್ನು ಎತ್ತಿಕೊಂಡು ವ್ಯಾನಿನಿಂದ ಧುಮುಕಿದ. ದೇವರೇ, ಉಳಿಸಿದೆ!

ಅಜ್ಜಿ ಓಡಿಬಂದು ಮೊಮ್ಮಗಳನ್ನು ಬಾಚಿ ತಬ್ಬಿಕೊಂಡಳು. ಬೈಗುಳಕ್ಕೆ ಸಿದ್ಧನಾಗಿ ಅವನು ಕೈಕಟ್ಟಿ ನಿಂತ. ಅಜ್ಜಿ ಬೈಯಲೇ ಇಲ್ಲ.

"ತಂದುಬಿಟ್ರಲ್ಲ, ನಿಮಗೆ ಪುಣ್ಯ ಬರಲಿ! ಪಾಪ ಈ ಮಗೂನ ನೋಡಿ, ಯಾರೋ ಬಿಟ್ಟು ಹೋಗಿದಾರೆ. ತಾನೇ ಅಳ್ತಾ ಇದ್ರೂ ನನಗೆ ಸಮಾಧಾನ ಹೇಳ್ತಾ ಕೂತಿದೆ. ಎಂಥ ಅಪ್ಪ ಅಮ್ಮ ಇರ್ತಾರೋ! ಹೆತ್ತ ಮಗು ಮೇಲೆ ಗಮನ ಬೇಡವಾ?"

"ಹೌದಮ್ಮ, ಬೇಕು," ಎಂದು ಅವನು ತಲೆ ತಗ್ಗಿಸಿದ.

"ಇವ್ರು ನಿನಗೆ ಗೊತ್ತಾ ಪುಟ್ಟಾ? ಯಾರು ಇವ್ರು?" ಎಂದು ಅಜ್ಜಿ ಅವನನ್ನೇ ದಿಟ್ಟಿಸುತ್ತಿದ್ದ ಪುಟ್ಟಿಯನ್ನು ಕೇಳಿದಳು.

ಮಗಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ವ್ಯಾನ್ ಮಾಮ," ಎಂದಳು.

ಆ ಮಾತು ಅವನಿಗೆ ನಾಟಿತು. ಅದನ್ನು ಅವಳಿಗೆ ಕಲಿಸಿದವನೂ ಅವನೇ. ಅವಳು ವ್ಯಾನ್ ಹತ್ತಲು ಶುರುಮಾಡಿದ ಹೊಸದರಲ್ಲಿ "ಇದು ನಮ್ಮಪ್ಪನ ಗಾಡಿ, ನಾನು ಹೇಳಿದಲ್ಲಿ ಕೂತ್ಕೋಬೇಕು" ಎಂದು ಉಳಿದ ಮಕ್ಕಳ ಮೇಲೆ ದರ್ಬಾರು ನಡೆಸಿದ್ದಳು. ಯಾರದೋ ಮನೆಯಿಂದ ದೂರು ಬಂತು. ಗಿರಾಕಿ ಕೈತಪ್ಪೀತೆಂದು ಹೆದರಿ ಅವನು ಕಾನೂನು ಮಾಡಿದ: ವ್ಯಾನಿನೊಳಗೆ ಎಲ್ಲರಿಗೂ ಮಾಮನಾದರೆ ನಿನಗೂ ಮಾಮ, ಅಪ್ಪ ಎನ್ನಬಾರದು, ನೀನು ತಾನು ಎನ್ನಬಾರದು. ಅಂದಿನಿಂದ ಅವಳು ವ್ಯಾನಿನಲ್ಲಿ "ಮಾಮ, ನೀವು" ಎನ್ನುವಳು, ಇಳಿದು ಹೊಸ್ತಿಲು ದಾಟಿದೊಡನೆ "ಅಪ್ಪಾ, ನೀನು" ಎನ್ನುವಳು. ಎಷ್ಟು ಶಿಸ್ತಿನ ಹುಡುಗಿ ಎಂದು ಅವನು ಅದನ್ನೂ ಊರೆಲ್ಲ ಕೊಚ್ಚಿಕೊಂಡಿದ್ದ.

ಈಗ ಮನೆಗೆ ಬಂದು ಹೊಸ್ತಿಲು ದಾಟಿದರೂ ಅವಳು ಮಾಮನನ್ನು ಬಿಡಲಿಲ್ಲ. ಅವನು ಐಸ್‌ಕ್ರೀಂ ತಂದುಕೊಟ್ಟರೆ "ಥ್ಯಾಂಕ್ಸ್ ಮಾಮ, ಅಲ್ಲಿಡಿ" ಎಂದಳು. ಮೆಚ್ಚಿಸಲು ಅವಳ ಗಣಿತದ ಪುಸ್ತಕಕ್ಕೆ ಬೈಂಡ್ ಹಾಕಿ, ಆತುರದಲ್ಲಿ ತಲೆಕೆಳಗಾಗಿ ಲೇಬಲ್ ಅಂಟಿಸಿ ಕೊಟ್ಟ. "ಪರವಾಗಿಲ್ಲ ಮಾಮ, ನಿಮಗೆ ಅಭ್ಯಾಸ ಇಲ್ಲ," ಎಂದಳು. ಅವಳು ಕಿರುಚಿ ಅತ್ತಿದ್ದರೂ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

"ಅಲ್ಲ ಕಣೇ, ಅಪ್ಪನ್ನ ಮಾಮ ಅಂದ್ರೆ ಅವರು ನನಗೆ ಏನಾಗ್ಬೇಕು?" ಎಂದು ಹೆಂಡತಿ ಕೇಳಿದಳು.

"ಅಣ್ಣ ಆಗ್ಬೇಕು!" ಎಂದು ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಪಾಪ ನಮ್ಮ ಭಾವ, ಒಂದೇ ದಿನದಲ್ಲಿ ಗಂಡನ ಕೆಲಸಾನೂ ಹೋಯ್ತು."

ಹೆಂಡತಿಗೆ ಅಷ್ಟು ಸಾಕಾಯಿತು. ರಾತ್ರಿ ಬಡಿಸುವಾಗ "ಅಣ್ಣಾ, ಇನ್ನೊಂಚೂರು ಹಾಕ್ಲಾ?" ಎಂದಳು. ಎಲ್ಲರೂ ನಕ್ಕರು, ಮಗಳೊಬ್ಬಳು ನಗಲಿಲ್ಲ. ಅವನೂ ನಗುವ ಹಾಗೆ ಮಾಡಿದ. ಬೆಳಗಾದರೆ ಶಾಲೆ. ವ್ಯಾನ್ ಹತ್ತಿದ ಮೇಲೆ ಅವಳು ಮಾಮ ಎನ್ನುವುದೇ ಕಾನೂನು. ಇವತ್ತು ತಿರುಗಿ ಅಪ್ಪ ಎನ್ನಿಸಿಕೊಳ್ಳದಿದ್ದರೆ ಈ ಮಾಮ ಹಾಗೆಯೇ ಅಂಟಿಕೊಂಡು ಮನೆಯಲ್ಲೂ ಉಳಿದುಬಿಟ್ಟೀತು ಎಂದು ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಚಪ್ಪಲಿ ಹುಡುಕಲು ಅವಳನ್ನು ಕಳಿಸಿದವನೇ ತಾನೆಂದು ಮನೆಯಲ್ಲಿ ಇನ್ನೂ ಯಾರಿಗೂ ಹೇಳಿರಲಿಲ್ಲ. ಅವಳೂ ದೂರು ಹೇಳಿರಲಿಲ್ಲ. ಅದಂತೂ ಅವನನ್ನು ಇನ್ನಷ್ಟು ಚುಚ್ಚಿತು.

ಬೆಳಗ್ಗೆ ವ್ಯಾನ್ ತುಂಬಿತು. ಹೊಸ ಬ್ಯಾಗಿನ ವಾಸನೆ, ಎಣ್ಣೆ ಹಚ್ಚಿ ಬಾಚಿದ ತಲೆಗಳು, ಬಿಸಿಲಿಗೆ ಕಪ್ಪಾದ ಮುಖಗಳು. ಮಗಳು ಹಿಂದಿನ ಸಾಲಿನ ಮೂಲೆಗೆ ಹೋಗಿ ಕಿಟಕಿಯ ಹೊರಗೆ ನೋಡುತ್ತ ಕೂತಳು. ಅವನು ಅರ್ಧ ತಿರುಗಿ ಬೆರಳು ಎತ್ತಿದ.

"ಎಲ್ರೂ ಇದೀವಿ, ಹೊರಡಿ ಮಾಮ," ಎಂದಳು ಅವಳು, ಕಿಟಕಿಯಿಂದ ಮುಖ ತಿರುಗಿಸದೆ.

ಅವನ ಬೆರಳು ಅಲ್ಲೇ ನಿಂತಿತು. ಮುಂದಾಲೋಚನೆ ಎನ್ನುವುದು ಅವನ ಜಾತಕದಲ್ಲೇ ಬರೆದಿರಲಿಲ್ಲ. ಬಾಯಿ ತೆರೆದೇಬಿಟ್ಟ.

"ಮಕ್ಕಳೇ, ಕೇಳಿ ಇಲ್ಲಿ. ನಾನು ನಿನ್ನೆ ನನ್ನ ಮಗಳನ್ನ ಈಜುಕೊಳದಲ್ಲಿ ಬಿಟ್ಟು ಬಂದೆ. ಚಪ್ಪಲಿ ಹುಡುಕು ಅಂತ ಕಳಿಸಿದೋನೂ ನಾನೇ, ಮರೆತೋನೂ ನಾನೇ. ಅವಳದ್ದೇನೂ ತಪ್ಪಿಲ್ಲ. ಲೆಕ್ಕದ ಮಾಮ ಅಂತ ಇನ್ಮೇಲೆ ಕರೀಬೇಡಿ, ನನಗೆ ಏಳರ ತನಕಾನೂ ಎಣಿಸೋಕೆ ಬರಲ್ಲ. ಮತ್ತೆ... ಪುಟ್ಟಿ, ವ್ಯಾನಲ್ಲಿ ಮಾಮ ಅನ್ನು ಅಂದಿದ್ನಲ್ಲ, ಅದು ಬೇಡ. ಇಲ್ಲೂ ಅಪ್ಪ ಅನ್ನು. ಯಾರು ಏನಾದ್ರೂ ಅಂದ್ಕೊಳ್ಳಲಿ."

ಈ ಸುದ್ದಿ ಸಂಜೆಯೊಳಗೆ ಮನೆಮನೆಗೂ ಮುಟ್ಟುವುದು ಖಂಡಿತ ಎಂದು ಅವನಿಗೆ ಹೊಳೆದದ್ದು ಆಗಲೇ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಹಲ್ಲು ಬಿದ್ದ ಬಾಯೊಂದು ಕೇಳಿತು: "ನಾವೂ ಅಪ್ಪ ಅನ್ಬಹುದಾ?"

ಅಷ್ಟೇ ಸಾಕಾಯಿತು ಆ ಕಪಿಗಳಿಗೆ. "ಅಪ್ಪಾ, ಹೊರಡಿ!" "ಅಪ್ಪಾ, ಹಾರ್ನ್ ಹೊಡೀರಿ!" "ಅಪ್ಪಾ, ನಮ್ಮನ್ನೂ ಬಿಟ್ಟು ಹೋಗಿ, ಶಾಲೆ ತಪ್ಪುತ್ತೆ!" ಇಡೀ ವ್ಯಾನ್ ಅಪ್ಪಾ ಅಪ್ಪಾ ಎಂದು ಕೂಗುತ್ತ ಕುಣಿಯತೊಡಗಿತು. ಆ ಕೂಗಿನಲ್ಲಿ ಒಂದು ದನಿ ಇರಲಿಲ್ಲ. ಅವನು ಕನ್ನಡಿಯಲ್ಲಿ ಹಿಂದಿನ ಮೂಲೆಯನ್ನೇ ನೋಡುತ್ತ ಕೂತ.

ಮೂಲೆಯಲ್ಲಿ ಬ್ಯಾಗು ಧೊಪ್ಪೆಂದು ಬಿತ್ತು. ಮಗಳು ಸೀಟಿನ ಮೇಲೆ ಹತ್ತಿ ನಿಂತಿದ್ದಳು, ಮುಖ ಕೆಂಪಗಾಗಿತ್ತು.

"ಏಯ್, ಬಾಯಿ ಮುಚ್ರೋ! ನಿಮ್ಮಪ್ಪ ಅಲ್ಲ, ನಮ್ಮಪ್ಪ!"

ಕಪಿಗಳೆಲ್ಲ ಸೀಟಿಗೆ ಅಂಟಿಕೊಂಡವು. ಅವಳು ಕನ್ನಡಿಯಲ್ಲಿ ಅವನ ಒದ್ದೆ ಕಣ್ಣನ್ನು ನೋಡಿ ಇನ್ನಷ್ಟು ಸಿಟ್ಟಾದಳು.

"ನೀನೇನಪ್ಪಾ ನನ್ನನ್ನ ನೋಡ್ತಾ ಕೂತಿದೀಯಾ? ಮುಂದೆ ನೋಡ್ಕೊಂಡು ಓಡಿಸು."