ಲೇಸರ್ ಮೇಜಿನ ಮೇಲೊಂದು ನಂದಿ

ಸುದ್ದಗುಂಟೆಪಾಳ್ಯದಲ್ಲಿ ಬಾಡಿಗೆ ಮನೆ ನೋಡಲು ಹೋದ ದಿನ, ಏನು ಕೆಲಸ ಎಂದು ಓನರ್ ಆಂಟಿ ಕೇಳಿದಾಗ, ಶೈಲಶ್ರೀ "ಪರಮಾಣು ಅಳೆಯೋದು ಆಂಟಿ" ಅಂದಿದ್ದಳು. ಆಂಟಿ ಉದ್ದವೋ ತೂಕವೋ ಎಂದು ಕೆದಕಲಿಲ್ಲ. ಬೆಳಗ್ಗೆ ಬೇಗ ನೀರು ಹಿಡಿದಿಟ್ಕೊಳ್ಳಿ ಎಂದು ಹೇಳಿ ಕೀಲಿ ಕೊಟ್ಟರು. ಬಾಗಲಕೋಟೆಯ ಈ ಹುಡುಗಿಯ ಪಿಎಚ್‌ಡಿಯ ಬಗ್ಗೆ ಅಷ್ಟಕ್ಕೇ ಸಮಾಧಾನಪಟ್ಟುಕೊಂಡವರು ಅವರೊಬ್ಬರೇ ಇರಬೇಕು.

ಕೆಲಸ ಬನಶಂಕರಿಯ ಒಂದು ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿ. ರುಬಿಡಿಯಂ ಎಂಬ ಲೋಹದ ಆವಿ ತುಂಬಿದ ಗಾಜಿನ ಕೊಳವೆಗೆ ಒಂದು ಕೆಂಪು, ಒಂದು ನೀಲಿ ಲೇಸರ್ ಹಾಯಿಸಬೇಕು. ಆಗ ಪರಮಾಣುವಿನ ಹೊರಗಿನ ಎಲೆಕ್ಟ್ರಾನ್ ಮೇಲಕ್ಕೇರಿ, ಇನ್ನೇನು ಕಳಚಿಕೊಂಡಿತು ಅನ್ನುವ ಕಡೆ ಹೋಗಿ ಕೂರುತ್ತದೆ. ಹಾಗೆ ಉಬ್ಬಿದ ಪರಮಾಣು ಮಹಾ ಮುಂಗೋಪಿ. ಹತ್ತಿರದಲ್ಲಿ ಚೂರು ವಿದ್ಯುತ್ತೋ ಅಯಸ್ಕಾಂತವೋ ಇದ್ದರೆ ಸಾಕು, ಎಲೆಕ್ಟ್ರಾನ್ ಕೂತ ಶಕ್ತಿಯ ಮೆಟ್ಟಿಲೇ ಜರುಗುತ್ತದೆ. ಆ ಮೆಟ್ಟಿಲ ಎತ್ತರವನ್ನು ಹಿಂದಿನವರಿಗಿಂತ ನಿಖರವಾಗಿ ಅಳೆಯುವುದು ಶೈಲಶ್ರೀಯ ಪಾಲಿಗೆ ಬಂದಿತ್ತು.

ಆಯುಧಪೂಜೆಗೆ ಅವಳ ತಾಯಿ ದುಂಡವ್ವ ಊರಿನಿಂದ ಒಂದು ಪುಟ್ಟ ಹಿತ್ತಾಳೆ ನಂದಿ ಕಳಿಸಿದಳು. ಕಾರಿನ ಮುಂದೆ ಅಂಟಿಸುವ ಥರದ್ದು, ಮಗಳಿಗೆ ಕಾರಿಲ್ಲದಿದ್ದರೂ. ಆ ಲ್ಯಾಬಿನಲ್ಲಿ ಹಬ್ಬ ಅಂದರೆ ಫಜೀತಿ. ವಿಭೂತಿ, ಕುಂಕುಮ ಹಚ್ಚಿದರೆ ಪುಡಿ ಹಾರಿ ಕನ್ನಡಿಗಳ ಮೇಲೆ ಕೂರುತ್ತದೆ. ಊದುಬತ್ತಿ ಹಚ್ಚಿದರೆ ಹೊಗೆ. ಆದ್ದರಿಂದ ಪೂಜೆಯೆಲ್ಲ ಬಾಗಿಲ ಆಚೆಗೇ ಮುಗಿಯುತ್ತಿತ್ತು. ಶೈಲಶ್ರೀ ನಂದಿಯನ್ನು ತೋರಿಸಿದಾಗ ಅವಳ ಗೈಡ್ ಜಯದೇವಪ್ಪನವರು ಕನ್ನಡಕ ಏರಿಸಿ ನೋಡಿದರು.

"ಪುಡಿ ಇಲ್ಲ, ಹೊಗೆ ಇಲ್ಲ. ಇರ್ಲಿ ಬಿಡಮ್ಮ," ಅಂದರು.

ಉಕ್ಕಿನ ಮೇಜಿನ ಮೇಲೆ ನಂದಿ ಟಕ್ ಎಂದು ಕಚ್ಚಿಕೊಂಡು ಕೂತಿತು.

ಅಲ್ಲಿಂದ ಮುಂದೆ ಬಂದ ಸಂಖ್ಯೆ ಹಳೆಯ ಪ್ರಬಂಧಗಳ ಸಂಖ್ಯೆಗೆ ಹೊಂದಲಿಲ್ಲ. ವ್ಯತ್ಯಾಸ ಸಣ್ಣದು, ಆದರೆ ಹಟಮಾರಿ. ಶೈಲಶ್ರೀ ಲೇಸರ್ ಪರೀಕ್ಷಿಸಿದಳು, ಕೊಳವೆ ಬದಲಿಸಿದಳು, ಬಿಸಿ ತಗ್ಗಿಸಿದಳು. ವ್ಯತ್ಯಾಸ ಜಪ್ಪಯ್ಯ ಅನ್ನಲಿಲ್ಲ. ಹೊಗಳುವುದೇ ಗೊತ್ತಿಲ್ಲದ ಜಯದೇವಪ್ಪನವರು ಒಂದು ದಿನ, "ಇದು ಗಟ್ಟಿಯಾಗಿ ನಿಂತ್ರೆ ಇನ್ಮೇಲೆ ಎಲ್ರೂ ನಿನ್ ನಂಬರ್ರೇ ಬಳಸ್ತಾರೆ," ಎಂದರು. ಆ ಮಾತು ಅವಳ ತಲೆಗೇರಿತು. ತಾಯಿಗೆ ಫೋನ್ ಮಾಡಿ, ಯಾರಿಗೂ ಸಿಗದ್ದು ನನಗ ಸಿಕ್ಕೈತಿ ಅಂದಳು. ದುಂಡವ್ವ ಓಣಿಗೆಲ್ಲ ಸುದ್ದಿ ಹಂಚಿದಳು. ಬೇಸಿಗೆ ಮುಗಿಯುವಷ್ಟರಲ್ಲಿ ಪ್ರಬಂಧವೂ ಸಿದ್ಧವಾಯಿತು, ಕಳಿಸುವುದೊಂದು ಬಾಕಿ.

ಆ ವಾರವೇ ಒಂದು ಮಧ್ಯಾಹ್ನ, ಕನ್ನಡಿಯೊಂದಕ್ಕೆ ಜಾಗ ಸಾಲದೆ ಅವಳು ನಂದಿಯನ್ನು ಕಿತ್ತು ಪಕ್ಕದ ಕಪಾಟಿನಲ್ಲಿಟ್ಟಳು. ಕಂಪ್ಯೂಟರ್ ತೆರೆಯ ಮೇಲೆ ಆ ಮೆಟ್ಟಿಲನ್ನು ತೋರಿಸುವ ಗೆರೆಯ ಶಿಖರ ಜರುಗಿತು. ನಂದಿಯನ್ನು ವಾಪಸ್ ಇಟ್ಟಳು. ಶಿಖರ ಹಳೆಯ ಜಾಗಕ್ಕೆ ಬಂತು.

ಅವಳು ನಂದಿಯನ್ನು ಮತ್ತೆ ಕಿತ್ತು ಮಗುಚಿ ನೋಡಿದಳು. ನಂದಿಯ ಅಡಿಯಲ್ಲಿದ್ದದ್ದು ಗಟ್ಟಿ ಅಯಸ್ಕಾಂತ. ಕೊಳವೆಗೆ ಕಾಂತಕ್ಷೇತ್ರ ತಡೆಯುವ ಕವಚವೇನೋ ಇತ್ತು, ಆದರೆ ಬೆಳಕು ಹಾಯಲು ಅದರ ಬಾಯಿ ತೆರೆದೇ ಇರುತ್ತಿತ್ತು, ನಂದಿ ಕೂತದ್ದು ಅದರ ಎದುರಿಗೇ. ಸುತ್ತಲಿನ ಕಾಂತಕ್ಷೇತ್ರವನ್ನು ಅಳೆದು ಸರಿಮಾಡಿದ್ದು ಹಬ್ಬಕ್ಕೆ ಮುಂಚೆ. ದೇವರನ್ನು ತಂದು ಕೂರಿಸಿದ ಮೇಲೆ ಮತ್ತೆ ಅಳೆಯಬೇಕೆಂದು ಗುರುವಿಗೂ ಹೊಳೆದಿರಲಿಲ್ಲ, ಶಿಷ್ಯೆಗೂ ಹೊಳೆದಿರಲಿಲ್ಲ.

ನಂದಿಯನ್ನು ಅಲ್ಲೇ ಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಯೋಚನೆ ಅವಳಿಗೂ ಬಂತು, ಬರಲಿಲ್ಲವೆಂದು ಹೇಳುವುದು ಸುಳ್ಳು. ಒಂದಷ್ಟು ಹೊತ್ತು ಸ್ಟೂಲಿನ ಮೇಲೆ ಕೂತಿದ್ದು, ಎದ್ದು ಹೋಗಿ ಜಯದೇವಪ್ಪನವರನ್ನು ಕರೆದಳು.

ಅವರು ನಂದಿಯನ್ನು ತಾವೇ ತೆಗೆದರು, ಇಟ್ಟರು, ಮತ್ತೆ ತೆಗೆದರು. "ಇರ್ಲಿ ಬಿಡು ಅಂದಿದ್ದು ನಾನೇ ಅಲ್ವಾ," ಅಂದರು. ನಂದಿಯನ್ನು ಅವಳ ಕೈಗಿಟ್ಟು, "ಪೇಪರ್ ಕಳಿಸ್ಬೇಡ. ಮೊದಲಿಂದ ಅಳೆ."

ಮಳೆಗಾಲವೆಲ್ಲ ಅಳೆದಳು. ಈ ಸಲ ಬಂದ ಸಂಖ್ಯೆ ಹಿಂದಿನವರ ಸಂಖ್ಯೆಯ ಮೇಲೇ ಬಂದು ಕೂತಿತು. ದಶಾಂಶದ ಕೊನೆಯಲ್ಲಿ ಅಂಕಿಯೊಂದು ಹೆಚ್ಚು ಖಚಿತವಾಯಿತು, ಅಷ್ಟೇ. ಜಯದೇವಪ್ಪನವರು ತಲೆಯಾಡಿಸಿ ಪ್ರಬಂಧಕ್ಕೆ ಸಹಿ ಹಾಕಿದರು. ಅಂಥ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಭಾನುವಾರ ದುಂಡವ್ವನ ಫೋನು ಬಂತು. "ಏನಾತವ್ವಾ, ಸಿಕ್ಕೈತಿ ಅಂದಿದ್ದಿ?"

"ಇಲ್ಲ ಯವ್ವಾ. ತಪ್ಪಾಗಿತ್ತು. ಹಿಂದಿನವ್ರು ಹೇಳಿದ್ದ ಖರೇ."

"ಅದು ಖರೇ ಅಂತ ತಿಳಿಯಾಕ ಇಷ್ಟ್ ವರ್ಷ ಬೇಕಾತೇನು?"

ಅದು ಆ ನಂದಿಯಿಂದಾದ ತಪ್ಪೆಂಬ ಮಾತು ಬಾಯಿತುದಿಗೆ ಬಂದಿತ್ತು. ನುಂಗಿಕೊಂಡಳು.

"ಹೂಂ ಯವ್ವಾ, ಬೇಕಾತು," ಅಂದಳು.

ದುಂಡವ್ವ ಆ ಕಡೆಯಿಂದ, "ಇರ್ಲಿ ಬಿಡು. ಓಣ್ಯಾಗ ನಾ ಹೇಳ್ತೀನಿ, ಅವ್ರ್ದೂ ಖರೇ, ನಮ್ಮ ಹುಡುಗೀದೂ ಖರೇ ಅಂತ," ಅಂದಳು.