ನಾನು ಅಳಿಸಿದ ಆ ಒಂದು ಕಾಲಂ

ಆ ವರದಿಯಿಂದ ಒಂದು ಕಾಲಂ ಅಳಿಸಿದವನು ನಾನು. ಕಂಪ್ಯೂಟರ್ ಕೈಕೊಟ್ಟದ್ದಲ್ಲ, ಮೇಲಿನವರು ಹೇಳಿ ಮಾಡಿಸಿದ್ದೂ ಅಲ್ಲ. ನಾನೇ, ಕೈಯಾರೆ, ಒಂದು ಮಧ್ಯಾಹ್ನ ನಮಾಜು ಮುಗಿಸಿ ಬಂದು ಕುಳಿತು — ಹೌದು, ನಮಾಜು ಮುಗಿಸಿಯೇ — ಅಳಿಸಿದೆ. ಅದರಿಂದ ಆರು ಮಂದಿಯ ಕೆಲಸ ಹೋಯಿತು. ಐವರು ಹರೆಯದವರು, ಬೇರೆ ಕಡೆ ಸೇರಿಕೊಂಡರು. ಆರನೆಯವರು ಅಬೂ ಮಿಶಾಲ್. ಅವರ ವಿಷಯವನ್ನು ನಾನು ಇಷ್ಟು ವರ್ಷ ಹೊರಗಿನವರಲ್ಲಿ ಬಾಯಿ ಬಿಟ್ಟಿರಲಿಲ್ಲ.

ರಿಯಾದಿನ ಒಲಾಯಾದಲ್ಲಿ ನಮ್ಮ ಆಫೀಸು. ಏಸಿ, ಫ್ರಿಜ್ಜು, ಬಟ್ಟೆ ಒಗೆಯುವ ಮೆಷಿನು ಮಾರುವ ಕಂಪೆನಿ. ಅವು ಕೆಟ್ಟರೆ ಜನ ಫೋನ್ ಮಾಡುವುದು ನಮ್ಮ ವಿಭಾಗಕ್ಕೆ. ಬಂಟ್ವಾಳದ ಕಡೆಯವನಾದ ನನ್ನ ಕೆಲಸ ಆ ಕರೆಗಳ ರೆಕಾರ್ಡಿಂಗ್ ಕೇಳಿ, ಉತ್ತರಿಸಿದವರಿಗೆ ಅಂಕ ಹಾಕುವುದು. ಕಂಪೆನಿಗಳು ಇಷ್ಟು ಮಂದಿ ಸ್ಥಳೀಯರನ್ನು ಇಟ್ಟುಕೊಳ್ಳಲೇಬೇಕೆಂಬ ನಿತಾಖತ್ ನಿಯಮ ಬಂದು ಕೆಲವು ವರ್ಷಗಳಾಗಿದ್ದವು. ಹಾಗಾಗಿ ಅರ್ಧ ಕರೆಗಳನ್ನು ರಿಯಾದಿನಲ್ಲೇ ಆರು ಮಂದಿ ಸೌದಿಗಳು ತೆಗೆದುಕೊಳ್ಳುತ್ತಿದ್ದರು. ಉಳಿದರ್ಧ ಈಜಿಪ್ಟಿನ ಒಂದು ಕಾಲ್ ಸೆಂಟರಿಗೆ ಹೋಗುತ್ತಿತ್ತು. ಫೋನ್ ಮಾಡಿದವರಿಗೆ ಅದು ಗೊತ್ತಾಗಬಾರದು. ಅಲ್ಲಿಯವರೂ ರಿಯಾದಿನಲ್ಲೇ ಕುಳಿತವರಂತೆ ಮಾತಾಡಬೇಕು.

ಅಬೂ ಮಿಶಾಲ್ ಎಂದರೆ ಮಿಶಾಲನ ಅಪ್ಪ. ಹಿರಿಮಗನ ಹೆಸರು ಹಿಡಿದು ಹಾಗೆ ಕರೆಯುವುದು ಅಲ್ಲಿ ಮರ್ಯಾದೆ. ಹಾಯಿಲ್ ಕಡೆಯವರು, ಐವತ್ತರ ಹತ್ತಿರದ ವಯಸ್ಸು. ಅಷ್ಟು ವರ್ಷ ಲಾರಿ ಓಡಿಸಿ ಸೊಂಟ ಹಿಡಿದುಕೊಂಡ ಮೇಲೆ, ಜೀವಮಾನದಲ್ಲಿ ಮೊದಲ ಸಲ ಅವರಿಗೆ ಮೇಜು ಕುರ್ಚಿಯ ಕೆಲಸ ಸಿಕ್ಕಿತ್ತು. ಮುದಿ ತಾಯಿಯನ್ನೂ ಹಾಯಿಲ್‌ನಿಂದ ಕರೆತಂದು ಜೊತೆಗಿಟ್ಟುಕೊಂಡಿದ್ದರು. ‘ನನ್ನ ಮಗ ಆಫೀಸಿನವನು’ ಎಂದು ಆಕೆ ಕಂಡಕಂಡವರಿಗೆಲ್ಲ ಹೇಳುತ್ತಾರೆಂದು ನಾಚಿಕೊಂಡು ನಗುತ್ತಿದ್ದರು. ನನ್ನ ಅರಬ್ಬಿ ಆಗ ಬರೀ ಅಂಗಡಿ ಅರಬ್ಬಿ. ಅದನ್ನು ತಿದ್ದಿ ಮನುಷ್ಯರ ಭಾಷೆ ಮಾಡಿದವರು ಅವರೇ. ತಪ್ಪಿದರೆ ಒಂದು ದಿನವೂ ನಕ್ಕವರಲ್ಲ, ತಮ್ಮ ಫ್ಲಾಸ್ಕಿನಿಂದ ಒಂದು ಲೋಟ ಗಹ್ವಾ ಕಾಫಿ ಬಗ್ಗಿಸಿಕೊಟ್ಟು ‘ಇನ್ನೊಮ್ಮೆ ಹೇಳು’ ಎನ್ನುತ್ತಿದ್ದರು.

ಅವರು ಫೋನ್ ಎತ್ತಿದರೆ ಮೊದಲು ಸಲಾಂ. ಆಮೇಲೆ ಹೇಗಿದ್ದೀರಿ, ಮನೆಯವರು ಹೇಗಿದ್ದಾರೆ, ಆರೋಗ್ಯ ಹೇಗಿದೆ, ನಿಮ್ಮ ಕಡೆ ಮಳೆ ಬಿತ್ತೇ — ಆ ಕಡೆಯ ಗಿರಾಕಿಯೂ ಅಷ್ಟನ್ನೂ ವಾಪಸು ಕೇಳಬೇಕು. ಅದೆಲ್ಲ ಮುಗಿಯದೆ ಏಸಿಯ ಮಾತು ಬಾಯಿಗೆ ಬರುತ್ತಿರಲಿಲ್ಲ. ವಿಳಾಸ ಬರೆದುಕೊಳ್ಳುವುದಂತೂ ಒಂದು ಪುರಾಣ. ಬೀದಿಗೆ ಹೆಸರಿದ್ದರೂ ಅಲ್ಲಿ ಯಾರೂ ಹೇಳುವುದಿಲ್ಲ ಮಾರಾಯರೇ! ಎರಡನೇ ಪೆಟ್ರೋಲ್ ಬಂಕಿನ ಹಿಂದೆ, ಖರ್ಜೂರದ ಅಂಗಡಿಯ ಎದುರು, ಹಸಿರು ಗೇಟು — ಇಷ್ಟನ್ನೂ ಕೇಳಿ ಕೇಳಿ ಬರೆದು ಮೆಕ್ಯಾನಿಕ್‌ಗೆ ಕೊಡುತ್ತಿದ್ದರು. ನನ್ನ ಫಾರಮಿನಲ್ಲಿ ಇದ್ಯಾವುದಕ್ಕೂ ಅಂಕವಿರಲಿಲ್ಲ. ಕರೆ ಉದ್ದವಾದರೆ ಅಂಕ ಕಡಿಮೆ, ಅಷ್ಟೇ. ಈಜಿಪ್ಟಿನ ಹುಡುಗರು ಚಕಚಕನೆ ಮುಗಿಸಿ ಒಳ್ಳೆಯ ಅಂಕ ತೆಗೆಯುತ್ತಿದ್ದರು.

ಆದರೆ ಫಾರಮಿನ ಕೊನೆಯಲ್ಲಿ ಇನ್ನೊಂದು ಕಾಲಂ ಇತ್ತು. ಅದೇ ಗಿರಾಕಿ ಅದೇ ತೊಂದರೆಗೆ ಮತ್ತೆ ಫೋನ್ ಮಾಡಿದನೇ? ಈಜಿಪ್ಟಿನವರಿಗೆ ರಿಯಾದಿನ ಪೆಟ್ರೋಲ್ ಬಂಕು ಎಲ್ಲಿ ಗೊತ್ತು ಪಾಪ! ಮೆಕ್ಯಾನಿಕ್ ದಾರಿ ತಪ್ಪುತ್ತಿದ್ದ, ಗಿರಾಕಿ ಬಿಸಿಲಲ್ಲಿ ಬೆಂದು ಮತ್ತೆ ಫೋನ್ ಮಾಡುತ್ತಿದ್ದ, ಮೂರನೇ ಸಲ ಮಾಡುವಾಗ ಬೈಯುತ್ತಿದ್ದ. ರಿಯಾದಿನ ಆರು ಮಂದಿಗೆ ಇಂಥ ಮರುಕರೆ ಕಡಿಮೆ; ಅಬೂ ಮಿಶಾಲರ ಹೆಸರಿನ ಎದುರಂತೂ ಆ ಕಾಲಂ ಹೆಚ್ಚುಕಡಿಮೆ ಖಾಲಿ. ಅವರ ಹತ್ತಿರ ಒಮ್ಮೆ ಮಾತಾಡಿದವರಿಗೆ ಎರಡನೇ ಸಲ ಮಾತಾಡುವ ಅಗತ್ಯವೇ ಬೀಳುತ್ತಿರಲಿಲ್ಲ. ಇಡೀ ವಿಭಾಗದಲ್ಲಿ ಕೆಲಸವನ್ನು ಕೆಲಸದ ಹಾಗೆ ಮಾಡುತ್ತಿದ್ದವರು ಅವರು ಎಂಬುದು ಆ ಒಂದು ಕಾಲಂನಿಂದ ಮಾತ್ರ ತಿಳಿಯುತ್ತಿತ್ತು. ನನಗೆ ಅದು ತಿಳಿದಿತ್ತು.

ಆ ಬೇಸಿಗೆಯಲ್ಲಿ ಎಲ್ಲ ಕರೆಗಳನ್ನೂ ಒಂದೇ ಕಡೆ ಸೇರಿಸುವ ತೀರ್ಮಾನವಾಯಿತು. ರಿಯಾದಿಗೋ, ಈಜಿಪ್ಟಿಗೋ? ಎರಡನ್ನೂ ತೂಗಿ ವರದಿ ಬರೆಯುವವನು ನಾನು. ಮ್ಯಾನೇಜರು ನನ್ನನ್ನು ಕರೆದು ಇಷ್ಟೇ ಹೇಳಿದರು:

“ಹಮೀದ್, ಕೆಲಸ ಹೊರಗೆ ಹೋದ್ರೆ ಅವರ ಮೇಲೆ ಕಣ್ಣಿಡ್ಲಿಕ್ಕೆ ಇಲ್ಲಿ ಒಬ್ಬ ಬೇಕಾಗ್ತದೆ. ಇಲ್ಲೇ ಉಳಿದ್ರೆ ನಿನ್ನ ಕುರ್ಚಿಗೂ ಇಲ್ಲಿಯವರನ್ನೇ ತರ್ಬೇಕು. ನಿಯಮ ನಿಂಗೆ ಗೊತ್ತುಂಟಲ್ಲ.”

ಅಳಿಸು ಎಂದು ಅವರು ಹೇಳಲಿಲ್ಲ. ಅವರಿಗೆ ಆ ಕಾಲಂ ಇರುವುದೂ ನೆನಪಿತ್ತೋ ಇಲ್ಲವೋ.

ನನ್ನ ಮಗಳು ಆಗ ಅಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ ಒಂಬತ್ತನೇ ತರಗತಿ. ಕೆಲಸದ ಜೊತೆ ಇಕಾಮಾ, ಎಂದರೆ ಅಲ್ಲಿರುವ ಪರವಾನಗಿ, ಹೋದರೆ ನಾನು ಮಾತ್ರವಲ್ಲ, ಹೆಂಡತಿ ಮಗಳೂ ಗಂಟುಮೂಟೆ ಕಟ್ಟಬೇಕು. ಅವಳ ಓದು ಅರ್ಧದಲ್ಲಿ — ಎಂದೆಲ್ಲ ಆಗ ನನಗೆ ನಾನೇ ಹೇಳಿಕೊಂಡೆ. ಕಾಲಂ ಅಳಿಸಲು ಬೇಕಾದದ್ದು ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತು. ಅಬೂ ಮಿಶಾಲರ ಹೆಸರಿನ ಎದುರು ಉಳಿದದ್ದು ಉದ್ದುದ್ದ ಕರೆಗಳು ಮಾತ್ರ. ಕೆಳಗೆ ನಾನೇ ಒಂದು ಸಾಲು ಸೇರಿಸಿದೆ: ‘ಈ ಕೆಲಸಕ್ಕೆ ಬೇಕಾದ ಚುರುಕು ಸಾಲದು.’ ಆ ಸಾಲನ್ನು ಬರೆಯುವ ಅಗತ್ಯವೇ ಇರಲಿಲ್ಲ. ಮಾಡಿದ್ದು ಸರಿಯೆಂದು ನನಗೇ ಅನಿಸಬೇಕಿತ್ತೇನೋ — ಗೊತ್ತಿಲ್ಲ.

ತಿಂಗಳೊಳಗೆ ರಿಯಾದಿನ ವಿಭಾಗ ಮುಚ್ಚಿತು; ನಿಯಮದ ಲೆಕ್ಕಕ್ಕೆ ಕಂಪೆನಿಯ ಅಂಗಡಿಗಳಲ್ಲಿದ್ದ ಸೌದಿಗಳೇ ಸಾಕಾಗುತ್ತಿದ್ದರು. ಐದು ಹುಡುಗರು ಹಾರಾಡಿದರು, ಕೂಗಾಡಿದರು. ಅಬೂ ಮಿಶಾಲ್ ನನ್ನ ವರದಿಯಲ್ಲಿ ತಮ್ಮ ಬಗ್ಗೆ ಇದ್ದ ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು ಕುಳಿತರು.

“ಬೇರೆ ಯಾರಾದ್ರೂ ಬರೆದಿದ್ರೆ ಇದನ್ನು ಹಿಡ್ಕೊಂಡು ಲೇಬರ್ ಆಫೀಸಿಗೆ ಹೋಗ್ತಿದ್ದೆ. ಬರೆದದ್ದು ನೀನು, ಯಾ ಹಮೀದ್. ನೀನು ಸುಳ್ಳು ಬರೆಯುವವನಲ್ಲ. ಹಾಗಾದ್ರೆ ನನ್ನಲ್ಲೇ ಏನೋ ಕಡಿಮೆ ಉಂಟು.”

 ಆ ಗಳಿಗೆಯಲ್ಲಾದರೂ ನಾನು ಒಂದು ಮಾತು ಆಡಿದ್ದರೆ ಅವರು ಲೇಬರ್ ಆಫೀಸಿಗೆ ಹೋಗುತ್ತಿದ್ದರು, ಗೆಲ್ಲುತ್ತಲೂ ಇದ್ದರು. ಅವರು ನನ್ನ ಭುಜ ತಟ್ಟಿ ಎದ್ದರು. ತಾಯಿಯನ್ನು ಕರೆದುಕೊಂಡು ಹಾಯಿಲ್‌ಗೆ ಮರಳಿ, ಆ ಸೊಂಟದಲ್ಲೇ ಶಾಲೆಯ ಬಸ್ಸು ಓಡಿಸತೊಡಗಿದರೆಂದು ಆಮೇಲೆ ತಿಳಿಯಿತು. ಆಫೀಸಿನ ಕೆಲಸ ಅವರು ಮತ್ತೆ ಹುಡುಕಲಿಲ್ಲ.

ನನಗೆ ಉಳಿದ ಕೆಲಸ ಯಾವುದು ಗೊತ್ತೇ? ಪ್ರತಿ ಬೆಳಿಗ್ಗೆ ಕಿಟಕಿಯಿಂದ ಹೊರಗೆ ನೋಡಿ ಈಜಿಪ್ಟಿಗೆ ಒಂದು ಸಂದೇಶ ಕಳಿಸುವುದು. ಇಂದು ರಿಯಾದಿನಲ್ಲಿ ಧೂಳುಗಾಳಿ, ಇಂದು ವಿಪರೀತ ಸೆಕೆ. ಯಾರಾದರೂ ಕೇಳಿದರೆ ಅವರು ಇಲ್ಲಿಯವರಂತೆ ಹೇಳಬೇಕಲ್ಲ! ಥೂ, ಅದನ್ನೂ ವರ್ಷಗಟ್ಟಲೆ ಮಾಡಿದೆ.

ಮಗಳು ಓದು ಮುಗಿಸಿದ ಮೇಲೆ ಒಂದು ದಿನ ಹೆಂಡತಿ ಝುಬೈದಾಳಿಗೆ ಎಲ್ಲವನ್ನೂ ಹೇಳಿದೆ. ಒಳಗೊಳಗೆ ಒಂದು ಸಮಾಧಾನದ ಮಾತು ಬಯಸಿದ್ದೆ. ಅವಳು ಮೀನು ಕೊಯ್ಯುತ್ತಿದ್ದವಳು ಕತ್ತಿ ಕೆಳಗಿಟ್ಟಳು.

“ನಮಗೋಸ್ಕರ ಮಾಡಿದ್ದು ಅಂತ ಮಾತ್ರ ಹೇಳ್ಬೇಡಿ. ನನ್ನ ಹತ್ರ ಕೇಳಿದ್ರಾ ನೀವು? ನಾನೂ ಮಗಳೂ ಊರಿಗೆ ಹೋಗುವ ಅಂತ ಎಷ್ಟು ಸಲ ಹೇಳ್ತಿದ್ದೆವು. ನಿಮಗೇ ಬಿಟ್ಟು ಬರ್ಲಿಕ್ಕೆ ಮನಸ್ಸಿರ್ಲಿಲ್ಲ. ಆ ಮನುಷ್ಯ ಎಂತ ಮಾಡಿದ್ರು ನಿಮಗೆ?”

ಅವಳು ಹೇಳಿದ್ದು ನಿಜ. ಏಸಿ ರೂಮು, ಕುರ್ಚಿ, ಊರಿಗೆ ಹೋದಾಗ ಸಿಗುವ ಮರ್ಯಾದೆ — ಬಿಡಲಾರದೆ ಹೋದವನು ನಾನು.

ಇದಕ್ಕಿಂತ ದೊಡ್ಡ ತಪ್ಪನ್ನು ಆಮೇಲೆ ಮಾಡಿದೆ. ಅದಾಗಿ ಒಂದೆರಡು ವರ್ಷಕ್ಕೆ ನಾವು ಗಂಡಹೆಂಡತಿ ಹಜ್‌ಗೆ ಹೊರಟೆವು. ಹೊರಡುವ ಮೊದಲು ಬಲ್ಲವರಿಗೆಲ್ಲ ಫೋನ್ ಮಾಡಿ, ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಮಾಫ್ ಮಾಡಿಬಿಡಿ ಎಂದು ಕೇಳುವುದು ನಮ್ಮಲ್ಲಿ ರೂಢಿ. ಎಲ್ಲರೂ ಕೇಳುತ್ತಾರೆ, ಎಲ್ಲರೂ ಕೊಡುತ್ತಾರೆ, ಯಾರೂ ಏನು ತಪ್ಪು ಎಂದು ವಿಚಾರಿಸುವುದಿಲ್ಲ. ಉದ್ದದ ಪಟ್ಟಿಯ ನಡುವೆ ಅಬೂ ಮಿಶಾಲರ ನಂಬರನ್ನೂ ಸೇರಿಸಿ, ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದೆ. ಅವರು ಸಂತೋಷದಿಂದ ಕೂಗಿಯೇಬಿಟ್ಟರು. “ನಿನ್ನಿಂದ ನನಗೆಂಥ ತಪ್ಪು? ಇದ್ದರೂ ಎಲ್ಲವೂ ಮಾಫ್! ನನ್ನ ತಾಯಿಗಾಗಿ ದುವಾ ಮಾಡು, ಹೋದ ವರ್ಷ ತೀರಿಕೊಂಡಳು.” ಏನೆಂದು ಹೇಳದೆಯೇ ಅವರಿಂದ ಕ್ಷಮೆ ಕಿತ್ತುಕೊಂಡೆ ನಾನು!

ಮಕ್ಕಾದಲ್ಲಿ ಆಕೆಗಾಗಿ ಕೈ ಎತ್ತಿದೆ. ಎತ್ತಿದ ಕೈಯನ್ನು ದುವಾ ಮಾಡದೆಯೇ ಇಳಿಸಿದೆ. ಝುಬೈದಾ ಪಕ್ಕದಿಂದ, “ಹೇಳದೆ ತಗೊಂಡ ಮಾಫಿ ಮಾಫಿ ಅಲ್ಲ. ನಿಮಗೂ ಗೊತ್ತುಂಟು,” ಎಂದಳು. ನನಗೆ ಗೊತ್ತಿತ್ತು.

ರಿಯಾದಿಗೆ ಬಂದ ಮಾರನೆಯ ದಿನ ಹಾಯಿಲ್‌ಗೆ ಫೋನ್ ಮಾಡಿದೆ. ಅವರು ಹಜ್ ಹೇಗಾಯಿತೆಂದು ಕೇಳುತ್ತಿರುವಾಗಲೇ ಎಲ್ಲವನ್ನೂ ಹೇಳಿದೆ — ಯಾವ ಕಾಲಂ, ಅದರಲ್ಲಿ ಏನಿತ್ತು, ಕೆಳಗೆ ಸೇರಿಸಿದ ಸಾಲು, ಎಲ್ಲ. ಮಗಳ ಹೆಸರು ಎತ್ತಲಿಲ್ಲ, ಮ್ಯಾನೇಜರ ಹೆಸರೂ ಎತ್ತಲಿಲ್ಲ. ಆ ಕಡೆ ಬಸ್ಸಿನಲ್ಲಿ ಮಕ್ಕಳು ಗಲಾಟೆ ಮಾಡುವುದು ಕೇಳುತ್ತಿತ್ತು.

“ಕೊಟ್ಟ ಮಾಫಿಯನ್ನು ನಾನು ವಾಪಸು ತಗೊಳ್ಳುವುದಿಲ್ಲ, ಯಾ ಹಮೀದ್,” ಎಂದರು. “ಆದರೆ ಕೆಲಸ ಯಾಕೆ ಹೋಯ್ತು ಅಂತ ನನ್ನ ತಾಯಿ ಸಾಯುವವರೆಗೂ ಕೇಳ್ತಿದ್ದಳು. ಆ ಕೆಲಸ ನನಗೆ ಬರ್ತಿರ್ಲಿಲ್ಲ ಅಮ್ಮಾ, ಅಂತ ನಾನು ಹೇಳ್ತಿದ್ದೆ. ಅವಳು ಅದನ್ನೇ ನಂಬಿಕೊಂಡು ಹೋದಳು.”

ಅಷ್ಟು ಹೇಳಿ ಫೋನ್ ಇಟ್ಟರು.